ಮಿಸ್ ಸರಸಮ್ಮನ ಶುಕ್ರವಾರದ ಹೂವು

ಮಧುಗಿರಿ ಬೆಟ್ಟದ ಬುಡದ ಆ ಬೀದಿಯಲ್ಲಿ ಸರಸಮ್ಮ ಗಂಡ ಸತ್ತವಳು. ಬೆಳಿಗ್ಗೆ ಎದುರಿಗೆ ಬಂದರೆ ಜನ ಚಪ್ಪಲಿ ಸರಿಮಾಡಿಕೊಳ್ಳುವ ನೆಪದಲ್ಲಿ ನಿಂತುಬಿಡುತ್ತಿದ್ದರು. ಹೆಣ್ಣುಮಕ್ಕಳ ಸ್ಕೂಲಿನ ಗೇಟು ದಾಟಿದ ಮೇಲೆ ಮಾತ್ರ ಆಕೆ ಮಿಸ್ಸು. ಪಾಠ ಹೇಳುವ ಹೆಂಗಸರನ್ನೆಲ್ಲ ಮಕ್ಕಳು ಹಾಗೆಯೇ ಕರೆಯುತ್ತಿದ್ದವು. ಆ ಮಾತಿಗೆ ಅರ್ಥ ಬೇರೆ ಬೇಕೇ?

ಒಂಬತ್ತು ವರ್ಷದವಳಿದ್ದಾಗ ಕೊರಟಗೆರೆಯ ಜಯರಾಮು ಎಂಬ ಹುಡುಗನಿಗೆ ಕೊಟ್ಟಿದ್ದರು. ಎರಡು ವರ್ಷಕ್ಕೆ ಅವನು ಜ್ವರ ಬಂದು ಹೋದ. ಮದುವೆಯ ದಿನ ತನ್ನ ಕೈಯಲ್ಲಿದ್ದ ಬೆಲ್ಲ ಕಿತ್ತುಕೊಂಡು ತಿಂದಿದ್ದ ಎಂಬುದು ಬಿಟ್ಟರೆ ಆಕೆಗೆ ಅವನ ನೆನಪಿಲ್ಲ. ಅಪ್ಪ ಪುಣ್ಯಾತ್ಮ, ಮಗಳ ತಲೆ ಬೋಳಿಸಲು ಬಿಡದೆ ತುಮಕೂರಿಗೆ ಕಳಿಸಿ ಟ್ರೈನಿಂಗ್ ಮಾಡಿಸಿದ್ದರು.

ಹಿತ್ತಲಲ್ಲಿ ಆಕೆಯದೊಂದು ಮಲ್ಲಿಗೆ ಬಳ್ಳಿ. ಆ ಹೂವನ್ನು ಬೀದಿಯ ಮುತ್ತೈದೆಯರು ಮೂಸಿಯೂ ನೋಡುತ್ತಿರಲಿಲ್ಲ. ಶುಕ್ರವಾರ ಅದನ್ನು ಕಟ್ಟಿ ಸ್ಕೂಲಿಗೆ ಒಯ್ದರೆ, ಮಿಸ್ ನಂಗೆ, ಮಿಸ್ ನಂಗೆ ಎಂದು ಹುಡುಗಿಯರು ಮುಗಿಬೀಳುತ್ತಿದ್ದರು. ತಾನು ಮುಡಿಯದ ಹೂವನ್ನು ಅಷ್ಟು ಜಡೆಗಳಿಗೆ ಮುಡಿಸುವಾಗ ಆಕೆಯ ಜೀವ ತಣ್ಣಗಾಗುತ್ತಿತ್ತು. ತಾಯಂದಿರಿಗೆ ತಿಳಿಯದ ವಿಷಯವೇನಲ್ಲ. ತಿಳಿದೂ ಸುಮ್ಮನಿರಲು ಒಂದು ನೆಪ ಬೇಕಿತ್ತು, ಮಿಸ್ಸು ಎಂಬ ಮಾತು ಆ ನೆಪವಾಗಿತ್ತು.

ಸಾವಿರದ ಒಂಬೈನೂರ ಐವತ್ತೆಂಟರಲ್ಲಿ ನಂದೀಶ್ವರಯ್ಯ ಹೆಡ್‌ಮಾಸ್ಟರಾಗಿ ಬಂದರು. ಬಿ.ಎ., ಬಿ.ಟಿ. ಇಂಗ್ಲಿಷಿನವರ ರೀತಿ ನೀತಿ ಎಂದರೆ ಪ್ರಾಣ. ಇನ್ಸ್‌ಪೆಕ್ಟರ್ ಬರುತ್ತಾರೆಂದು ಪ್ರತಿ ಕ್ಲಾಸಿನ ಬಾಗಿಲಿಗೂ ಇಂಗ್ಲಿಷಿನಲ್ಲಿ ಹೆಸರಿನ ಬೋರ್ಡು ಬರೆಸಲು ಹೊರಟರು. ಮಿಸ್ ಅಂದರೆ ಮದುವೆಯಾಗದವಳು, ಮದುವೆಯಾದವರಿಗೆ ಮಿಸಸ್, ಅದರ ಮುಂದೆ ಗಂಡನ ಹೆಸರು ಎಂದು ಸರಸಮ್ಮನಿಗೇ ಪಾಠ ಹೇಳಿದರು.

"ನಂಗೆ ಮಿಸ್ಸೇ ಇರಲಿ ಸಾರ್," ಎಂದಳು ಸರಸಮ್ಮ. "ಇಷ್ಟು ವರ್ಷ ಇದ್ದದ್ದು."

"ತಪ್ಪಾಗುತ್ತಲ್ಲಮ್ಮಾ. ನಿಮ್ಮ ಗೌರವದ ಪ್ರಶ್ನೆ."

ಗೌರವವಂತೆ! ಕೇಳಿದವರು ಯಾರು? ಗಂಡನ ಹೆಸರನ್ನು ಆಕೆ ಬಾಯಿಬಿಟ್ಟು ಹೇಳಲಿಲ್ಲ. ಆ ಮನುಷ್ಯ ಅಷ್ಟಕ್ಕೆ ಬಿಡುವವರಲ್ಲ, ಆಕೆಯ ಅಣ್ಣನ ಮನೆಗೇ ಹೋಗಿ ಕಾಫಿ ಕುಡಿದು ಕೇಳಿಕೊಂಡು ಬಂದರು. ಬೋರ್ಡು ಬರೆಯುವ ಶಿರಾದ ಬಾಷಾ ಸಾಬ್ ಕಪ್ಪು ಹಲಗೆಯ ಮೇಲೆ ಬಿಳಿ ಬಣ್ಣದಲ್ಲಿ ದುಂಡಗೆ ಬರೆದ: ಮಿಸಸ್ ಜಯರಾಮಯ್ಯ. ಜಯರಾಮು ಎಂದೇ ಸತ್ತ ಹುಡುಗನಿಗೆ ಅಯ್ಯ ಸೇರಿಸಿದವರು ಹೆಡ್‌ಮಾಸ್ಟರು.

ಇನ್ಸ್‌ಪೆಕ್ಟರ್ ಬಂದು ಮೆಚ್ಚಿ ಹೋದರು. ಮಿಸಸ್ ಅಂದರೇನೆಂದು ನಂದೀಶ್ವರಯ್ಯ ಆರನೇ ಕ್ಲಾಸಿನಲ್ಲಿ ಪಾಠವನ್ನೂ ಮಾಡಿದರು. ಸರಸಮ್ಮ ಮಿಸ್ ಗಂಡ ಎಲ್ಲಿದ್ದಾರೆ ಎಂದು ಹುಡುಗಿಯರು ಮನೆಗಳಲ್ಲಿ ಕೇಳಿದರು. ಕೇಳಿದ ಮೇಲೆ ಹೇಳಲೇಬೇಕಲ್ಲ, ತಾಯಂದಿರು ಹೇಳಿದರು. ನೆಪ ಹರಿದುಹೋಯಿತು.

ಆ ಶುಕ್ರವಾರ ಸರಸಮ್ಮ ಎಂದಿನಂತೆ ಹೂವಿನ ಬುಟ್ಟಿ ಹಿಡಿದು ಸ್ಕೂಲಿನ ಜಗುಲಿಯ ಮೇಲೆ ನಿಂತಳು. ಯಾರೂ ಹತ್ತಿರ ಬರಲಿಲ್ಲ. ಪ್ರತಿ ವಾರ ಎಲ್ಲರಿಗಿಂತ ಮೊದಲು ಜಡೆ ತಿರುಗಿಸಿ ನಿಲ್ಲುತ್ತಿದ್ದ ಪುಟ್ಟ ಹುಡುಗಿಯೊಬ್ಬಳನ್ನು ಆಕೆಯೇ ಕರೆದಳು. ಮಗು ಎರಡು ಕೈಯಲ್ಲೂ ಜಡೆ ಮುಚ್ಚಿಕೊಂಡಿತು.

"ಬ್ಯಾಡ ಮಿಸಸ್. ನಿಮ್ಮ ಕೈ ಹೂವ ಮುಡೀಬ್ಯಾಡ ಅಂದವ್ಳೆ ನಮ್ಮವ್ವ."

ಮಗುವಿನ ಮೇಲೆ ಸಿಟ್ಟು ಮಾಡಿ ಏನು ಬಂತು? ಬುಟ್ಟಿಯನ್ನು ಬಾವಿಕಟ್ಟೆಯ ಮೇಲಿಟ್ಟು ಒಳಗೆ ಹೋಗಿ ಹಾಜರಿ ಕೂಗಿದಳು. ಸಂಜೆ ಮನೆಗೆ ಹೋದವಳೇ ಬಳ್ಳಿಯನ್ನು ಬುಡಸಮೇತ ಕಿತ್ತು ಹಾಕಿದಳು.

ಮಾರನೆಯ ದಿನ ಹೆಡ್‌ಮಾಸ್ಟರು ಬಾಗಿಲಲ್ಲೇ ಸಿಕ್ಕಿ ನಗುತ್ತ, "ಗುಡ್ ಮಾರ್ನಿಂಗ್, ಮಿಸಸ್ ಜಯರಾಮಯ್ಯ," ಎಂದರು.

ಸರಸಮ್ಮ ನಿಂತಳು.

"ಅವನು ಸತ್ತಾಗ ನಂಗೆ ಹನ್ನೊಂದು ವರ್ಷ ಸಾರ್. ಅಳಬೇಕು ಅಂತಾನೂ ತಿಳೀಲಿಲ್ಲ," ಎಂದಳು. "ನಿನ್ನೆ ಅತ್ತುಬಿಟ್ಟೆ."

ನಂದೀಶ್ವರಯ್ಯ ಗಡಿಯಾರ ನೋಡಿ, ಪ್ರಾರ್ಥನೆಗೆ ಹೊತ್ತಾಯಿತು ಎಂದರು.