ಹತ್ತು-ಹನ್ನೊಂದು ಸ್ಪ್ಯಾನರ್

ನಮ್ಮ ಯಜಮಾನರು ಕೂತಲ್ಲಿ ಕೂರುವ ಆಸಾಮಿಯಲ್ಲ. ಕಚೇರಿಯಲ್ಲಿ ಗುಮಾಸ್ತರು, ಮನೆಗೆ ಬಂದರೆ ಮೆಕ್ಯಾನಿಕ್. ಚಹಾ ಲೋಟ ಹಿಡಿದುಕೊಂಡೇ ಎದ್ದು ನಲ್ಲಿ ತಿರುಗಿಸಿ ನೋಡುತ್ತಾರೆ, ಫ್ಯಾನಿನ ಕೆಳಗೆ ನಿಂತು ಕಿವಿ ಕೊಡುತ್ತಾರೆ. ಇವರು ಅಡುಗೆಮನೆಗೆ ಕಾಲಿಟ್ಟರೆ ನಾನು ಮೊದಲು ಮಿಕ್ಸಿ ಬಚ್ಚಿಡುತ್ತೇನೆ.

ಇಷ್ಟು ಹುಚ್ಚಿದ್ದವರ ಹತ್ತಿರ ನೆಟ್ಟಗಿನ ಸ್ಪ್ಯಾನರ್ ಒಂದೂ ಇರಲಿಲ್ಲ ಅಂದರೆ ನಂಬುತ್ತೀರಾ? ಹಾರ್ಡ್‌ವೇರ್ ಅಂಗಡಿಯಲ್ಲಿ ಒಳ್ಳೆಯದನ್ನು ಕೈಗೆತ್ತಿಕೊಂಡು, ತೂಗಿ ನೋಡಿ, ಬೆಲೆ ಕೇಳಿ, ಕೆಳಗಿಡುವುದು. ಬಾಗಿಲವರೆಗೆ ಹೋಗುವುದು, ವಾಪಸ್ ಬರುವುದು, ಮತ್ತೆ ಎತ್ತುವುದು. ಕೊನೆಗೆ ಮೂಲೆಯ ಟ್ರೇಯಲ್ಲಿ ರಾಶಿ ಹಾಕಿದ ಅಗ್ಗದ್ದನ್ನೇ ತರುವುದು. ನಾಲ್ಕು ಸಲ ಬಲ ಹಾಕಿದರೆ ಅದು ಬಾಯಿ ಬಿಡುತ್ತಿತ್ತು. ಮಂಚದ ಕೆಳಗೆ ಅಂಥವುಗಳದ್ದೇ ಒಂದು ಡಬ್ಬ ಇತ್ತು.

ಮಗಳ ಸ್ಕೂಟರಿನ ಬ್ರೇಕನ್ನೂ ಅಂಥದ್ದರಲ್ಲೇ ಬಿಗಿ ಮಾಡಿದ್ದರು. "ಹಿಡಿಯುತ್ತಾ ಅಪ್ಪ?" ಅಂದಳು. "ಕಣ್ಣು ಮುಚ್ಕೊಂಡು ಹೋಗು" ಅಂದರು. ಇಳಿಜಾರಿನ ತಿರುವಿನಲ್ಲಿ ಕೇಬಲ್ ಜಾರಿ, ಗೋಡೆಗೆ ಗುದ್ದಿ, ಮೊಣಕಾಲು ತರಚಿಕೊಂಡು ಬಂದಳು. ಒಂದು ಮಾತೂ ಬಯ್ಯಲಿಲ್ಲ. ಆದರೆ ಅಂದಿನಿಂದ ಅಪ್ಪನನ್ನು ಗಾಡಿಯ ಹತ್ತಿರ ಬಿಟ್ಟುಕೊಳ್ಳಲಿಲ್ಲ. ಇವರು ಅರ್ಧ ಊಟಕ್ಕೇ ಏಳತೊಡಗಿದರು.

ಬ್ರೇಕ್ ಮತ್ತೆ ಸಡಿಲವಾದಾಗ ಕಾಡಿ ಬೇಡಿ ಒಂದು ಅವಕಾಶ ಕೇಳಿದರು. "ಆಯ್ತು, ಇದೇ ಕೊನೆ" ಅಂದಳು ಮಗಳು.

ಭಾನುವಾರ ಬೆಳಿಗ್ಗೆ ನನ್ನ ಕೈಗೆ ದುಡ್ಡು ತುರುಕಿದರು. "ಲೇ, ನಾನು ಹೋದ್ರೆ ಮತ್ತೆ ಅಗ್ಗದ್ದೇ ಹಿಡ್ಕೊಂಡು ಬರ್ತೀನಿ. ನೀನೇ ಹೋಗು. ಹತ್ತು-ಹನ್ನೊಂದು ಸ್ಪ್ಯಾನರ್ ತಗೊಂಡು ಬಾ."

"ಹತ್ತು-ಹನ್ನೊಂದಾ? ಇಷ್ಟಕ್ಕೆ ಬರುತ್ತೇನ್ರೀ?"

"ಧಾರಾಳವಾಗಿ ಬರುತ್ತೆ, ಹೋಗೇ."

ಹೋದೆ. ಆ ದುಡ್ಡಿಗೆ ಒಳ್ಳೆಯವು ಹನ್ನೊಂದು ಎಲ್ಲಿಂದ ಬರಬೇಕು? ಚೌಕಾಸಿ ಮಾಡಿ ಅದೇ ಟ್ರೇಯಿಂದ ಹತ್ತು ಆರಿಸಿದೆ, ಹನ್ನೊಂದನೆಯದನ್ನು ಕೊಸರು ಹಾಕಿಸಿಕೊಂಡೆ. ಬೀಗುತ್ತಾ ಬಂದು ಅಂಗಳದಲ್ಲಿ ಸುರಿದೆ.

"ಏನೇ ಇದು?"

"ನೀವು ಹೇಳಿದ್ದೇ. ಎಣಿಸಿ ನೋಡಿ, ಹನ್ನೊಂದಿದೆ!"

"ಅಯ್ಯೋ ದೇವರೇ! ಹತ್ತು-ಹನ್ನೊಂದು ಅಂದ್ರೆ ಒಂದೇ ಸ್ಪ್ಯಾನರ್ ಕಣೇ! ಒಂದು ತುದಿ ಹತ್ತರ ಅಳತೆಯ ನಟ್ಟಿಗೆ, ಇನ್ನೊಂದು ಹನ್ನೊಂದರದಕ್ಕೆ!"

"ಅದನ್ನ ಬಿಡಿಸಿ ಹೇಳೋಕೆ ನಿಮಗೇನು ಧಾಡಿ?" ನನಗೂ ಪಿತ್ತ ನೆತ್ತಿಗೇರಿತು. ಆದರೂ ಚೀಲ ಹಿಡಿದು ಅಂಗಡಿಗೆ ವಾಪಸ್ ಓಡಿದೆ. ಭಾನುವಾರ ನೋಡಿ, ಅಷ್ಟರಲ್ಲೇ ಬಾಗಿಲು ಹಾಕಿಕೊಂಡು ಹೋಗಿದ್ದರು.

ಸುಮ್ಮನಿರಿ ಎಂದರೆ ಕೇಳಬೇಕಲ್ಲ! ನಾನು ತಂದದ್ದರಲ್ಲೇ ಹತ್ತರದ್ದೊಂದನ್ನು ಹುಡುಕಿ ನಟ್ಟಿಗೆ ಸಿಕ್ಕಿಸಿದರು. ಹಲ್ಲು ಕಚ್ಚಿ ಎಳೆದರು. ಸ್ಪ್ಯಾನರ್ ಬಾಯಿ ಬಿಟ್ಟಿತು, ನಟ್ಟಿನ ಮೂಲೆಗಳೆಲ್ಲ ಸವೆದು ಗುಂಡಗಾದವು. ಇನ್ನೊಂದು ಹಾಕಿದರು, ಅದೂ ಜಾರಿತು. ಆಮೇಲೆ ಇಡೀ ದಿನ ಅಂಗಳದಲ್ಲಿ ಶತಪಥ. ಒಂದು ಸಲ ಗಾಡಿಯ ಹತ್ತಿರ ಕೂರುವುದು, ನಟ್ಟನ್ನು ಬೆರಳಲ್ಲಿ ಸವರುವುದು, ಏಳುವುದು.

ಸೋಮವಾರ ಮಗಳು ಹೆಲ್ಮೆಟ್ ಹಾಕಿಕೊಂಡೇ ಹೊರಗೆ ಬಂದಳು. "ಹಿಡಿಯುತ್ತಾ ಅಪ್ಪ?"

ಇವರು ಅವಳ ಮುಖ ನೋಡಿದರು, ಗಾಡಿ ನೋಡಿದರು. ಎಲ್ಲಿ ಹೂಂ ಅಂದುಬಿಡುತ್ತಾರೋ ಎಂದು ನಾನು ಬಾಗಿಲಿಗೆ ಓಡಿ ಬಂದೆ.

"ಇಲ್ಲ ಮಗಳೇ, ಹಿಡಿಯಲ್ಲ. ನಟ್ ಕೆಡಿಸಿಬಿಟ್ಟೆ." ನಟ್ಟನ್ನು ಬೆರಳಲ್ಲಿ ಸವರುತ್ತಾ, "ನೀನು ಗೋಡೆಗೆ ಗುದ್ದಿದ ದಿನಾನೂ ಸರಿಯಾಗಿ ಬಿಗಿಯಾಗಿರ್ಲಿಲ್ಲ. ನಂಗೆ ಗೊತ್ತಿತ್ತು" ಅಂದರು.

ಮಗಳು ನಿಧಾನವಾಗಿ ಹೆಲ್ಮೆಟ್ ತೆಗೆದಳು.

"ನಿಂಗೆ ಗೊತ್ತಿತ್ತು ಅಂತ ನಂಗೂ ಗೊತ್ತಿತ್ತು ಅಪ್ಪ."

ಸ್ಕೂಟರಿನ ಕೀಯನ್ನು ಇವರ ಗ್ರೀಸು ಮೆತ್ತಿದ ಕೈಯೊಳಗೆ ಒತ್ತಿದಳು. "ಮೆಕ್ಯಾನಿಕ್ಕಿಗೆ ಕೊಡ್ಬೇಡ. ನೀನೇ ಮಾಡು" ಎಂದವಳೇ ಬಸ್ಸಿಗೆ ಓಡಿದಳು.