ಹುರುಳಿಯ ಮೇಲೆ ಜಾರಿದ ಗಾಲಿ

ಗಾಲಿ ಹುಡುಕುವ ಕೆಲಸವನ್ನು ನಾನು ಎರಡು ತಿಂಗಳು ಎಳೆದೆ. ಅಷ್ಟು ದಿನ ಹಿಡಿಯುವ ಕೆಲಸವಲ್ಲ ಅದು. ಮೌಂಟನ್ ಬೈಕಿನ ಮುಂದಿನ ಗಾಲಿ ಹಾಳಾದರೆ ಹಾಸನದಲ್ಲೇ ರಿಪೇರಿ ಮಾಡುತ್ತಾರೆ, ಇಲ್ಲವೆಂದರೆ ಹೊಸದನ್ನು ತರಿಸಿಕೊಡುತ್ತಾರೆ. ನಾನು ಎರಡನ್ನೂ ಬೇಡವೆಂದೆ. ಕೇಳಿದವರಿಗೆ, ಕಡಿಮೆ ದುಡ್ಡಿಗೆ ಒಳ್ಳೆಯದು ಸಿಗುವವರೆಗೆ ಕಾಯುತ್ತೇನೆ ಎನ್ನುತ್ತಿದ್ದೆ. ಖಾಸಗಿ ಕಾಲೇಜಿನಲ್ಲಿ ತಾತ್ಕಾಲಿಕವಾಗಿ ಗಣಿತ ಪಾಠ ಮಾಡುವವಳ ಬಾಯಲ್ಲಿ ಆ ಮಾತು ಯಾರಿಗೂ ವಿಚಿತ್ರವೆನಿಸಲಿಲ್ಲ.

ಗಾಲಿ ಹಾಳಾದದ್ದು ಡಿಸೆಂಬರಿನ ಒಂದು ಭಾನುವಾರ, ಕೊರವಂಗಲದ ಕಡೆಯ ರಸ್ತೆಯಲ್ಲಿ. ಬೆಳಗಿನ ಆರೂವರೆ, ದಟ್ಟ ಮಂಜು. ರಸ್ತೆಯ ಅರ್ಧಕ್ಕೆ ಹುರುಳಿ ಗಿಡ ಹರಡಿದ್ದರು. ನಮ್ಮ ಕಡೆ ಸುಗ್ಗಿಯಲ್ಲಿ ಒಕ್ಕಣೆಯ ಅರ್ಧ ಕೆಲಸವನ್ನು ಬಸ್ಸು, ಟ್ರ್ಯಾಕ್ಟರುಗಳೇ ಮಾಡಿಕೊಡುತ್ತವೆ. ಒಣಗಿದ ಕಾಯಿಗಳ ಮೇಲೆ ಅವು ಹಾದುಹೋದರೆ ಕಾಳು ಉದುರುತ್ತದೆ. ಹಾಗೆ ಉದುರಿದ ಕಾಳಿನ ಮೇಲೆ ನಾನು ಮುಂದಿನ ಬ್ರೇಕ್ ಹಿಡಿದೆ. ಹಿಡಿಯಬಾರದೆಂದು ಗೊತ್ತಿತ್ತು. ಗಾಲಿ ಪಕ್ಕಕ್ಕೆ ಜಾರಿ, ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು ಕಾಳು ಗುಡಿಸುತ್ತಿದ್ದ ಅಜ್ಜಿಯೊಬ್ಬರಿಗೆ ಬಡಿಯಿತು. ಅಲ್ಲಿಂದ ಹೋಗಿ ಕಲ್ಲಿಗೆ ಹೊಡೆಯಿತು.

ನಾನು ಎದ್ದು ಬರುವಷ್ಟರಲ್ಲಿ ಅವರೂ ಎದ್ದು ಕೂತಿದ್ದರು. ಎಡಗೈಯನ್ನು ಬಲಗೈಯಲ್ಲಿ ಹಿಡಿದು ಮಡಿಲಲ್ಲಿಟ್ಟುಕೊಂಡಿದ್ದರು.

"ಏನೂ ಆಗಿಲ್ಲ, ಓಗವ್ವ," ಅಂದರು.

"ಅಜ್ಜಿ, ಕೈ ತೋರಿಸಿ."

"ಬಿರ್ನೆ ಓಗು ಅಂದ್ನಲ್ಲ. ಯಾರಾದ್ರೂ ಬಂದಾರು."

ನನ್ನ ಮೇಲಿನ ಕರುಣೆಯಿಂದ ಹಾಗೆ ಹೇಳಿದರೆಂದುಕೊಂಡೆ. ಬಗ್ಗಿದ ಗಾಲಿಯನ್ನು ಎತ್ತಿ ಹಿಡಿದು, ಹಿಂದಿನ ಗಾಲಿಯ ಮೇಲೆ ಸೈಕಲನ್ನು ತಳ್ಳಿಕೊಂಡು ಹೊರಟೆ. ಹಿಂತಿರುಗಿ ನೋಡಿದಾಗ ಮಂಜಿನಲ್ಲಿ ಏನೂ ಕಾಣಲಿಲ್ಲ. ಮನೆಯಲ್ಲಿ, ಗುಂಡಿಗೆ ಬಿದ್ದೆ ಎಂದೆ.

ಬಸ್ ಸ್ಟ್ಯಾಂಡಿನ ಹತ್ತಿರದ ಸೈಕಲ್ ಅಂಗಡಿಯವರು ಗಾಲಿ ತಿರುಗಿಸಿ ನೋಡಿದರು. "ಬೆಂಡ್ ತೆಗೀಬೌದು ಮೇಡಂ. ನಾಕು ಸ್ಪೋಕ್ ಬದಲಾಯಿಸಿದ್ರೆ ಓಡ್ತದೆ." ಆಮೇಲೆ ಗಾಲಿಯ ನಡುವಿನಿಂದ ಇಕ್ಕಳದಲ್ಲಿ ಏನನ್ನೋ ಎಳೆದರು. ಹಸಿರು ದಾರ, ಒಂದು ಗೇಣು ಉದ್ದ. "ಯಾರ್ದೋ ಸೀರೆ ಸಿಕ್ಕಂಡಿತ್ತಾ?"

"ನನ್ನ ದುಪಟ್ಟಾ."

"ದುಪಟ್ಟಾ ಆಕ್ಕಂಡು ಗೇರ್ ಸೈಕಲ್ ಹೊಡೀಬ್ಯಾಡಿ. ಇವತ್ತು ಗಾಲಿ, ನಾಳೆ ಕತ್ತು."

ಸೈಕಲ್ ಮೇಲೆ ನಾನು ಎಂದೂ ದುಪಟ್ಟಾ ಹಾಕಿದವಳಲ್ಲ. ಈ ಗಾಲಿ ಬೇಡ, ಬೇರೆ ಹುಡುಕುತ್ತೇನೆ ಎಂದೆ.

ಹುಡುಕಾಟವನ್ನು ಶಿಸ್ತಾಗಿಯೇ ಮಾಡಿದೆ. ನನ್ನದು ಇಪ್ಪತ್ತೇಳೂವರೆ ಇಂಚಿನ ಗಾಲಿ. ಬ್ರೇಕಿನ ಡಿಸ್ಕಿಗೆ ಆರು ಬೋಲ್ಟು. ರಿಮ್ಮು ಎರಡು ಪದರದ್ದಿರಬೇಕು, ಒಂದೇ ಪದರದ್ದಾದರೆ ಹಳ್ಳಿಯ ರಸ್ತೆಯಲ್ಲಿ ಆರು ತಿಂಗಳೂ ಬಾಳುವುದಿಲ್ಲ. ಹೊಳೆನರಸೀಪುರದ ಅಂಗಡಿಯಲ್ಲಿ ಹೊಳೆಯುವ ಹೊಸ ಗಾಲಿಗಳಿದ್ದವು, ಎಲ್ಲವೂ ಒಂದೇ ಪದರದವು. ಅರಕಲಗೂಡಿನಲ್ಲಿ ಹೊಗೆಸೊಪ್ಪು ಬೆಳೆಯುವವರೊಬ್ಬರ ಅಟ್ಟದ ಮೇಲೆ ಒಂದು ಜೋಡಿ ಇತ್ತು, ಇಪ್ಪತ್ತಾರು ಇಂಚು. "ಒಂದೂವರೆ ಇಂಚಿಗೇನಕ್ಕ, ಗಾಳಿ ಬಿಗಿಯಾಗಿ ಹೊಡುದ್ರೆ ಟಯರು ಕೂತ್ಕತದೆ," ಅಂದರು ಅವರು. ನಾನು ನಗಲಿಲ್ಲ. ಅವರೇ ನಕ್ಕರು.

ಅರಕಲಗೂಡಿಗೆ ಹೋಗುವ ಬಸ್ಸು ದಾರಿಯಲ್ಲಿ ಹರಡಿದ್ದ ಹುರುಳಿಯ ಮೇಲೆ ಹೋಗಿತ್ತು. ಕೆಳಗೆ ಚಟಚಟ ಸದ್ದು ಕೇಳಿದ ಕೂಡಲೇ ನನ್ನ ಎರಡು ಕಾಲೂ ನೆಲದಿಂದ ಮೇಲಕ್ಕೆದ್ದವು. "ಜೋಮು ಹಿಡೀತೇನವ್ವ?" ಎಂದು ಪಕ್ಕದಲ್ಲಿದ್ದ ಹೆಂಗಸು ಕೇಳಿದರು. ತರಗತಿಯಲ್ಲಿ ಸೀಮೆಸುಣ್ಣ ಮುರಿದಾಗಲೂ ಅದೇ ಸದ್ದು ಕೇಳುತ್ತಿತ್ತು. ಹುಡುಗಿಯರು ಮುಂದಿನ ಸಾಲಿಗಾಗಿ ಕಾಯುತ್ತಿದ್ದರು, ನಾನು ಬೋರ್ಡಿನ ಕಡೆಗೇ ನಿಂತಿರುತ್ತಿದ್ದೆ. ಗಾಲಿ ಸಿಕ್ಕ ಮೇಲೆ ಆ ರಸ್ತೆಯ ಪಕ್ಕದ ಹಳ್ಳಿಗೆ ಹೋಗಿ ಅಜ್ಜಿಯನ್ನು ಕಂಡು, ತಪ್ಪಾಯಿತೆಂದು ಅವರ ಮನೆಯವರ ಎದುರೇ ಹೇಳಬೇಕೆಂದು ನನ್ನೊಳಗೆ ತೀರ್ಮಾನವಾಗಿತ್ತು. ಬಸ್ಸಿನಲ್ಲೇ ಹೋಗಬಹುದಿತ್ತು. ಗಾಲಿ ಸಿಗಲಿ ಎಂದು ಮುಂದೂಡುತ್ತಿದ್ದೆ. ಹಾಗಾಗಿ ಯಾವ ಗಾಲಿಯಲ್ಲೂ ಒಂದು ದೋಷ ಕಾಣುತ್ತಿತ್ತು.

ಚನ್ನರಾಯಪಟ್ಟಣದ ನಿವೃತ್ತ ಮೇಷ್ಟ್ರೊಬ್ಬರ ಗಾಲಿಗಳಲ್ಲಿ ದೋಷ ಸಿಗಲಿಲ್ಲ. "ಶುಗರ್‌ಗೆ ಸೈಕಲ್ ತುಳೀರಿ ಅಂದ್ರು ಡಾಕ್ಟ್ರು. ನಾನು ನಾಕು ದಿನ ತುಳಿಯೋದ್ರೊಳಗೆ ನಮ್ಮ ಟ್ರ್ಯಾಕ್ಟರು ಅದನ್ನ ತುಳೀತು. ಗಾಲಿ ಎರಡೂ ಪಂಕ್ಚರ್ ಅಂಗಡೀಲಿದ್ವು, ಬಚಾವಾದ್ವು," ಎಂದು ಅವರು ಕೊಟ್ಟಿಗೆಯಿಂದ ಅವನ್ನು ತಂದರು. ನಾನು ಅಚ್ಚನ್ನು ಮೇಷ್ಟ್ರ ಕೈಗೆ ಹಿಡಿಸಿ ಗಾಲಿ ತಿರುಗಿಸಿದೆ. ರಿಮ್ಮಿನ ಪಕ್ಕ ಬೆರಳಿಟ್ಟು ನೋಡಿದೆ. ಬೆರಳಿಗೂ ರಿಮ್ಮಿಗೂ ನಡುವಿನ ಸಂದು ಸುತ್ತ ಒಂದೇ ಸಮ ಇತ್ತು. ಸ್ಪೋಕುಗಳನ್ನು ಜೋಡಿ ಜೋಡಿಯಾಗಿ ಒತ್ತಿದೆ, ಒಂದೂ ಸಡಿಲವಿರಲಿಲ್ಲ.

"ಮುಂದಿನದೊಂದು ಸಾಕು ನನಗೆ."

"ಇನ್ನೊಂದನ್ನ ಏನ್ ಮಾಡ್ಲಮ್ಮ, ಬಾವಿಗೆ ರಾಟೆ ಕಟ್ಲಾ? ಎರಡೂ ತಗೊಂಡೋಗಿ."

ಎರಡೂ ಸೇರಿ, ಹೊಸದೊಂದರ ಅರ್ಧ ಬೆಲೆಗೆ ಸಿಕ್ಕವು. ಬಸ್ ಸ್ಟ್ಯಾಂಡಿನ ಹತ್ತಿರದ ಅದೇ ಅಂಗಡಿಯವರು ಕೂರಿಸಿಕೊಟ್ಟು, "ಒಳ್ಳೆ ಮಾಲು ಹುಡುಕಿದ್ರಿ ಮೇಡಂ," ಎಂದರು. ಕಾಯುವುದಕ್ಕೆ ಇನ್ನು ನೆಪ ಉಳಿಯಲಿಲ್ಲ.

ಭಾನುವಾರ ಬಿಸಿಲೇರಿದ ಮೇಲೆ ಹೊರಟೆ. ರಸ್ತೆ ಖಾಲಿಯಿತ್ತು, ಹುರುಳಿಯ ಕಾಲ ಮುಗಿದಿತ್ತು. ಹಳ್ಳಿಯ ಚಿಲ್ಲರೆ ಅಂಗಡಿಯಲ್ಲಿ, ಬೆಳಗಾಗುತ್ತಲೇ ರಸ್ತೆಯಲ್ಲಿ ಹುರುಳಿ ಗುಡಿಸುತ್ತಿದ್ದ ಅಜ್ಜಿಯ ಮನೆ ಯಾವುದೆಂದು ಕೇಳಿದೆ.

"ಕೈ ಮುರ್ಕಂಡದಲ್ಲ, ಆ ಅಜ್ಜೀನಾ?" ಎಂದರು ಅಂಗಡಿಯಾತ.

ಮುರಿದದ್ದು ನನಗೆ ಗೊತ್ತಾದದ್ದು ಹಾಗೆ.

ಜಗಲಿಯಲ್ಲಿ ಅಜ್ಜಿ ಕೂತಿದ್ದರು, ಅವರ ಸೊಸೆ ಅವರೆಕಾಯಿ ಸುಲಿಯುತ್ತಿದ್ದರು. ಅಜ್ಜಿಗೆ ನನ್ನ ಗುರುತು ಸಿಕ್ಕಿತು. ರೆಪ್ಪೆ ಒಮ್ಮೆ ಬಡಿದವು, ಅಷ್ಟೆ.

"ಆಸ್ಪತ್ರೆ ಕಡೆಯವರಾ?" ಎಂದು ಸೊಸೆ ಕೇಳಿದರು. ಉತ್ತರಕ್ಕೆ ಕಾಯದೆ ಮುಂದುವರಿಸಿದರು. "ನೋಡಿ ಇವರ ಕೈಯ. ನಾಟಿ ಕಟ್ಟೇ ಸಾಕು ಅಂತ ಹಟ. ಪಕ್ಕದ ಮನೆ ನಾಯಿ ಕಾಲಿಗೆ ಅಡ್ಡ ಬಂದು ಹಿತ್ಲಲ್ಲಿ ಬಿದ್ದೋದ್ರು."

"ನಾಯಿ," ಎಂದೆ ನಾನು.

"ಊಂ, ನಾಯಿ. ನಮ್ಮೆಜಮಾನ್ರು ಕ್ವಾಪಕ್ಕೆ ಅದನ್ನ ಚೀಲಕ್ಕಾಕಿ ಟೆಂಪೋದಾಗೆ ಓಗಿ ಹಿರೀಸಾವೆ ತಾವ ಬಿಟ್ಟು ಬಂದ್ರು. ಅವತ್ತಿಂದ ಪಕ್ಕದ ಮನೆಯವರು ನಮ್ಮ ತಾವ ಮಾತಾಡಕಿಲ್ಲ."

ಎರಡು ತಿಂಗಳು ಗಾಲಿಗಳ ಸಂದು ನೋಡಿ ಪಳಗಿದ್ದ ಕಣ್ಣು ಅಜ್ಜಿಯ ತೋಳಿನ ಮೇಲೆ ನಿಂತಿತ್ತು. ಮಣಿಕಟ್ಟಿನಿಂದ ನಾಲ್ಕು ಬೆರಳು ಮೇಲೆ ಎಲುಬು ಹೊರಕ್ಕೆ ಬಾಗಿ ಕೂಡಿಕೊಂಡಿತ್ತು.

ಸೊಸೆ ಕಾಫಿಗೆಂದು ಒಳಗೆ ಹೋದರು. ಅಜ್ಜಿ ತಲೆ ಎತ್ತದೆ ಹೇಳಿದರು, "ಯಾರ್ಗೂ ಏಳ್ಬ್ಯಾಡ ಕಣವ್ವ. ರಸ್ತೆ ತಾವ ಓಗಬ್ಯಾಡ ಅಂತ ಮಗ ಕಟ್ಟುನಿಟ್ಟು ಮಾಡಿದ್ದ. ಇನ್ನೊಂದು ಕಿತ ಓದ್ರೆ ಆ ತುಂಡು ಹೊಲ ಗುತ್ತಿಗೆಗೆ ಕೊಟ್ಬುಡ್ತೀನಿ ಅಂದಿದ್ದ. ನಂದು ಅಂತ ಇರಾದು ಅದೊಂದೇಯ."

"ನಾಯಿ ಏನೂ ಮಾಡಿರಲಿಲ್ಲ ಅಜ್ಜಿ."

"ಗೊತ್ತು. ಏನೋ ಒಂದು ಏಳ್ಬೇಕಿತ್ತು. ಬಾಯಿಗೆ ಅದು ಬಂತು."

"ಆಸ್ಪತ್ರೆಗೆ ಹೋಗೋಣ. ಖರ್ಚು ನಾನು ಕೊಡ್ತೀನಿ."

"ಕೂಡ್ಕಂಡೈತಲ್ಲ. ಈಗ ಓದ್ರೆ ತಿರ್ಗಾ ಮುರೀತಾರೆ. ಸುಮ್ಕಿರು."

ಸೊಸೆ ಲೋಟ ತಂದು ನನ್ನ ಕೈಗಿತ್ತರು. ಈ ಸಲ ಎದುರಿಗೇ ಕೂತು ಕೇಳಿದರು. "ಏನ್ ಇಸ್ಯಕ್ಕೆ ಬಂದ್ರಿ, ಏಳ್ಲೇ ಇಲ್ಲ?"

ಅಜ್ಜಿ ಒಂದು ಅವರೆಕಾಯಿ ತೆಗೆದುಕೊಂಡು ಬಲಗೈ ಬೆರಳುಗಳಲ್ಲೇ ಬಿಡಿಸಲು ನೋಡುತ್ತಿದ್ದರು. ಅದು ಬಿಡಲಿಲ್ಲ. ನಾನು ನಿಜ ಹೇಳಿದರೆ ನನ್ನ ಎದೆಯ ಭಾರ ಇಳಿಯುತ್ತಿತ್ತು. ಅವರ ಹೊಲವೂ ಹೋಗುತ್ತಿತ್ತು.

"ದೇವಸ್ಥಾನಕ್ಕೆ ದಾರಿ ಕೇಳೋಕೆ ಬಂದೆ," ಎಂದೆ.

ಸೊಸೆ ಬೀದಿಯವರೆಗೆ ಬಂದು ದಾರಿ ತೋರಿಸಿ, ನಾನು ಸರಿಯಾಗಿ ಹೋಗುತ್ತೇನೋ ಇಲ್ಲವೋ ಎಂದು ನೋಡುತ್ತ ನಿಂತರು. ಹಾಗಾಗಿ ಪಕ್ಕದ ಮನೆಯ ಮುಂದೆಯೇ ಹಾದುಹೋಗಬೇಕಾಯಿತು. ಅಲ್ಲಿ ಹೆಂಗಸೊಬ್ಬರು ಬಾಗಿಲು ತೆರೆದು ನನ್ನನ್ನು ನಿಲ್ಲಿಸಿದರು.

"ಹಿರೀಸಾವೆ ಕಡೆ ಓಗ್ತೀರಾ ನೀವು? ಊರೂರು ಸುತ್ತೋರಂಗೆ ಕಾಣ್ತೀರಿ. ಒಂದು ಕೆಂದ ನಾಯಿ, ಎಡಗಿವಿ ಅರಿದಿರಾದು. ಕಂಡ್ರೆ ಈ ಊರಿಂದು ಅಂತ ಯಾರಿಗಾದ್ರೂ ಏಳಿ."

ಹೇಳುತ್ತೇನೆ ಎಂದೆ.

ಮುಂದಿನ ಭಾನುವಾರ ಬಸ್ಸು ಹಿಡಿದು ಹಿರೀಸಾವೆಗೆ ಹೋದೆ. ಆಮೇಲೂ ಮೂರು ಸಲ ಹೋಗಿದ್ದೇನೆ. ಹೆದ್ದಾರಿಯ ಹೋಟೆಲುಗಳ ಹಿಂದೆ, ಎಲೆ ಎಸೆಯುವ ಜಾಗದಲ್ಲಿ ನಾಯಿಗಳು ಮಲಗಿರುತ್ತವೆ. ಬಿಸ್ಕತ್ತಿನ ಪೊಟ್ಟಣ ಬಿಚ್ಚಿದರೆ ಎಲ್ಲವೂ ತಲೆ ಎತ್ತುತ್ತವೆ. ನಾನು ಒಂದೊಂದರದೂ ಎಡಗಿವಿ ನೋಡುತ್ತೇನೆ. ಹರಿದ ಕಿವಿಯವೇ ಆರೇಳು ಇವೆ, ಅದರಲ್ಲಿ ಎರಡು ಕೆಂದ. ಯಾವುದೆಂದು ತಿಳಿಯುವುದಿಲ್ಲ.

ಕಳೆದ ಸಲ, ಪಾತ್ರೆ ತೊಳೆಯುತ್ತಿದ್ದ ಹೆಂಗಸು ಕೇಳಿದರು, "ಏನ್ ಹುಡುಕ್ತಿದ್ದೀರಕ್ಕ?"

"ಒಂದು ನಾಯಿ. ಯಾರೋ ತಂದು ಇಲ್ಲಿ ಬಿಟ್ಟು ಹೋದರು."

ಅವರು ಬೂದಿ ಮೆತ್ತಿದ ಕೈಯನ್ನು ಅವುಗಳತ್ತ ಬೀಸಿದರು. "ಇಲ್ಲಿರಾವೆಲ್ಲ ಬಿಟ್ಟೋಗಿರಾವೇ ಕಣಕ್ಕ."