ಕೋಡಿನಲ್ಲಿ ಉಳಿದ ಬೈಗುಳ

ಭತ್ತದ ತೇವ ಕಳೆದು ತೂಕ ಲೆಕ್ಕ ಹಾಕುವ ಕಂಪ್ಯೂಟರ್ ಪ್ರೋಗ್ರಾಮನ್ನು ಕೋಟದ ಮನೋರಮಾ ಐತಾಳರು ಅಕ್ಕಿಗಿರಣಿಗಳಿಗೆಂದು ೨೦೦೪ರಲ್ಲಿ ಬರೆದರು. ಗಂಡ ಪೇಟೆಯಿಂದ ಬರುವುದು ತಡವಾದರೆ ಆ ಸಿಟ್ಟನ್ನೂ ಪ್ರೋಗ್ರಾಮಿನ ಕೋಡಿನ ಸಾಲುಗಳ ನಡುವೆ ಟಿಪ್ಪಣಿಯಾಗಿ ಟೈಪ್ ಮಾಡುತ್ತಿದ್ದರು. ಇಂಥ ಟಿಪ್ಪಣಿಗಳನ್ನು ಕಂಪ್ಯೂಟರ್ ಲೆಕ್ಕಕ್ಕೇ ಹಿಡಿಯುವುದಿಲ್ಲ.

ಅವರಲ್ಲೇ ಕೆಲಸ ಕಲಿತ ರತೀಶ ಬ್ರಹ್ಮಾವರದಲ್ಲಿ ಅಂಥದ್ದೇ ಪ್ರೋಗ್ರಾಂ ಮಾರತೊಡಗಿದ. ಮನೋರಮಾ ಅವನ ಅಂಗಡಿಗೇ ನುಗ್ಗಿದರು.

"ಕೆಲ್ಸ ಒಂದೇ ಅಲ್ದಾ ಅಕ್ಕ, ಕೋಡೂ ಒಂದೇ ನಮೂನಿ ಇರತ್ತ್. ಬೇಕಾರೆ ಕಾಣಿ," ಎಂದು ಅವನು ಪರದೆ ತಿರುಗಿಸಿದ.

ಕೋಡಿನೊಳಗಿನ ಹೆಸರುಗಳನ್ನೆಲ್ಲ ಬದಲಿಸಿದ್ದ. ಟಿಪ್ಪಣಿ ಓದುವ ಗೋಜಿಗೇ ಹೋಗಿರಲಿಲ್ಲ; ಅದು ಹಾಗೇ ಉಳಿದಿತ್ತು: "ಹ್ವಾಯ್, ಪೇಟೆಗ್ ಹೋದವ್ರಿಗೆ ಮನೆ ನೆನಪಿತ್ತಾ?"

ಮನೋರಮಾ ಮೇಜು ಗುದ್ದಿದರು.

"ಲೆಕ್ಕದ ಕ್ರಮ ಒಂದೇ ಇರ್ಲಿ, ತಕರಾರಿಲ್ಲೆ. ನಾ ಬರ್ದ ಸಾಲ್ ಹಾಂಗೇ ಎತ್ತಿದ್ದ್ ಕಳ್ತನ. ನನ್ನ ಗಂಡಂಗೆ ಬೈದದ್ದ್ ನಿನ್ ಕೋಡಲ್ಲಿ ಎಂತಕ್ ಇತ್ತ್? ಅವ್ರ್ ನಿಂಗೂ ಗಂಡನಾ?"